ಭಾನುವಾರದ ಬೆಳಗಿಗೆ ಬೀಳುವ ಕನಸು

ಸಾಹಿಬಾಬಾದ್, ಘಾಜಿಯಾಬಾದ್, ಗುಲ್ಧರ್, ದುಹಾಯಿ. ನಮೋ ಭಾರತ್ ರೈಲಿನಲ್ಲಿ ಒಂದೊಂದೇ ನಿಲ್ದಾಣದ ಹೆಸರು ಕೂಗುತ್ತಿದ್ದರಂತೆ. ದುಹಾಯಿ ಆದ ಮೇಲೆ ಅದೇ ಹೆಣ್ಣುದನಿ, ಅದೇ ಮರ್ಯಾದೆಯಲ್ಲಿ, ‘ಮುಂದಿನ ನಿಲ್ದಾಣ ತಾಳಗುಪ್ಪ’ ಎಂದಿತಂತೆ. ಪರೀಕ್ಷೆ ಇರುವುದು ಅಲ್ಲೇ. ಅಡ್ಮಿಟ್ ಕಾರ್ಡ್ ಮಾತ್ರ ಇನ್ನೊಂದು ಪ್ಯಾಂಟಿನ ಜೇಬಿನಲ್ಲಿದೆ. ರೈಲು ನಿಂತರೂ ಬಾಗಿಲು ತೆರೆಯುತ್ತಿಲ್ಲ. ಗಾಜಿನಾಚೆ ಹುಡುಗರು ಆಗಲೇ ತಲೆ ಬಗ್ಗಿಸಿ ಬರೆಯುತ್ತಿದ್ದಾರೆ.

‘ಆಮೇಲೆ ಏನಾಯ್ತೋ?’ ಎಂದೆ.

‘ಆಮೇಲೇನು ಮಾಮ, ಎಚ್ಚರ ಆಯ್ತು. ನೋಡಿದ್ರೆ ಭಾನುವಾರ.’

ಹೇಳಿದವನು ನನ್ನ ಅಕ್ಕನ ಮಗ. ತಾಳಗುಪ್ಪಕ್ಕೆ ಹತ್ತಿರದ ಸಾಗರದಲ್ಲಿ ಅಜ್ಜಿಯ, ಅಂದರೆ ನನ್ನ ಅಮ್ಮನ, ಮನೆಯಲ್ಲಿ ಬೆಳೆದವನು. ಭಾವನಿಗೆ ಕೇಂದ್ರ ಸರ್ಕಾರದ ನೌಕರಿಯಲ್ಲಿ ದೆಹಲಿಗೆ ವರ್ಗವಾದಾಗ ಘಾಜಿಯಾಬಾದಿನ ಇಂಜಿನಿಯರಿಂಗ್ ಕಾಲೇಜೊಂದಕ್ಕೆ ಸೇರಿಸಿದರು. ವರ್ಷ ತುಂಬುವಷ್ಟರಲ್ಲಿ ಭಾವನಿಗೆ ಗುವಾಹಾಟಿಗೆ ವರ್ಗ, ಹುಡುಗ ಹಾಸ್ಟೆಲಿಗೆ. ಭಾನುವಾರ ಮಧ್ಯಾಹ್ನ ಅಲ್ಲೇ ವಸುಂಧರಾ ಬಡಾವಣೆಯ ನಮ್ಮ ಮನೆಗೆ ಊಟಕ್ಕೆ ಬರುತ್ತಾನೆ. ಜೊತೆಗೆ ಗೋರಖ್‌ಪುರದವನೊಬ್ಬ, ಅಲ್ಮೋಡಾದವನೊಬ್ಬ, ಇಬ್ಬರು ರೂಮ್‌ಮೇಟುಗಳು. ನನ್ನ ಹೆಂಡತಿ ಬಡಿಸುವ ಅನ್ನ ಸಾರಿಗೆ ಅವರು ಕೊಡುವ ಬೆಲೆ ಕನಸುಗಳು. ಒಬ್ಬ ಶುರು ಮಾಡಿದರೆ ಇನ್ನೊಬ್ಬ ಅದನ್ನು ಮೀರಿಸುತ್ತಾನೆ. ಇದು ಸಮೀಕ್ಷೆಯಲ್ಲ, ತಟ್ಟೆ ಮುಂದಿನ ಹರಟೆ. ಆದರೂ ಕೆಲವು ವಾರ ಕೇಳಿದ ಮೇಲೆ ನನಗೊಂದು ಅನುಮಾನ ಹತ್ತಿತು. ಇವರು ಹೇಳುವುದೆಲ್ಲ ಅವತ್ತಿನ ಬೆಳಗಿನ ಕನಸೇ. ಮಂಗಳವಾರದ್ದು, ಗುರುವಾರದ್ದು ಅಂತ ಒಂದೂ ಇಲ್ಲ. ಹುಡುಗರಿಗೆ ವಾರದಲ್ಲಿ ಒಂದೇ ದಿನ ಕನಸು ಬೀಳುತ್ತದೆಯೇ?

ಕನ್ನಡದಲ್ಲಿ ಕನಸಿಗೆ ಎರಡು ಕ್ರಿಯಾಪದಗಳಿವೆ. ಐಎಎಸ್ ಆಗಬೇಕು, ಅಮೆರಿಕಕ್ಕೆ ಹೋಗಬೇಕು ಅನ್ನುವ ಕನಸನ್ನು ನಾವು ‘ಕಾಣುತ್ತೇವೆ’. ನಿದ್ದೆಯ ಕನಸು ನಮ್ಮ ಅಪ್ಪಣೆ ಕೇಳದೆ ‘ಬೀಳುತ್ತದೆ’, ಮಾಳಿಗೆಯಿಂದ ಹಂಚು ಬಿದ್ದ ಹಾಗೆ. ಘಾಜಿಯಾಬಾದಿನ ಹೆದ್ದಾರಿಯುದ್ದಕ್ಕೂ ಕಾಣುವ ಕನಸಿನದ್ದೇ ವ್ಯಾಪಾರ. ದಾಸ್ನಾ ಕಡೆಗೆ, ಮುರಾದ್‌ನಗರದ ಕಡೆಗೆ ಸಾಲಾಗಿ ಇಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ಕಾಲೇಜುಗಳು. ಅವುಗಳ ಮುಂದೆ ಪ್ಯಾಕೇಜು ಲಕ್ಷಗಳಲ್ಲಿ ಬರೆದ ಫಲಕಗಳು. ಬೀಳುವ ಕನಸನ್ನು ಯಾರೂ ಫಲಕದಲ್ಲಿ ಹಾಕುವುದಿಲ್ಲ. ನನಗೆ ಕುತೂಹಲ ಇರುವುದು ಅದರ ಬಗ್ಗೆಯೇ.

ಪರೀಕ್ಷೆಯ ಕನಸಿನಿಂದಲೇ ಹಿಡಿಯೋಣ, ಅದು ಬೀಳದ ವಿದ್ಯಾರ್ಥಿ ಅಪರೂಪ. ಲಖನೌದ ತಾಂತ್ರಿಕ ವಿಶ್ವವಿದ್ಯಾಲಯದ ಸೆಮಿಸ್ಟರ್ ಪರೀಕ್ಷೆಗೆ ಕೂರುವ ಈ ಹುಡುಗರೂ, ನಮ್ಮ ವಿಟಿಯು ಹುಡುಗರ ಹಾಗೆಯೇ, ಫೇಲಾದ ವಿಷಯಕ್ಕೆ ‘ಬ್ಯಾಕ್’ ಅನ್ನುತ್ತಾರೆ. ಬ್ಯಾಕ್ ಉಳಿದವನ ಕನಸಿಗೆ ಅದು ಬಂದೇ ಬರುತ್ತದೆ ಅಂತ ತಿಳಿದಿದ್ದೆ. ಅಷ್ಟು ನೇರವಲ್ಲ. ಸಿಗ್ಮಂಡ್ ಫ್ರಾಯ್ಡ್ ತನ್ನ ಬಗ್ಗೆಯೇ ಬರೆದುಕೊಂಡಿದ್ದಾನೆ: ಕಾಲೇಜಿನಲ್ಲಿ ಫೇಲಾಗಿದ್ದು ನ್ಯಾಯವೈದ್ಯಶಾಸ್ತ್ರದಲ್ಲಿ, ಕನಸಿನಲ್ಲಿ ಮತ್ತೆ ಮತ್ತೆ ಬಂದು ಪೀಡಿಸಿದ್ದು ಮಾತ್ರ ಪಾಸಾಗಿದ್ದ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ.

ಪ್ಯಾರಿಸ್‌ನಲ್ಲಿ ನಿದ್ರಾತಜ್ಞೆ ಇಸಬೆಲ್ ಆರ್ನುಲ್ಫ್ ಮತ್ತು ಜೊತೆಗಾರರು ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆದವರನ್ನು ಹಿಂದಿನ ರಾತ್ರಿಯ ಕನಸಿನ ಬಗ್ಗೆ ಕೇಳಿದರು. ಉತ್ತರಿಸಿದ 719 ಮಂದಿಯಲ್ಲಿ ಶೇ. 60ರಷ್ಟು ಜನಕ್ಕೆ ಪರೀಕ್ಷೆಯ ಕನಸೇ ಬಿದ್ದಿತ್ತು. ಹಾಗೆ ಬಿದ್ದವರಲ್ಲಿ ಶೇ. 78 ಮಂದಿಯ ಕನಸಿನಲ್ಲಿ ಏನಾದರೊಂದು ಎಡವಟ್ಟು: ತಡವಾಗಿ ಹೋಗಿದ್ದು, ಉತ್ತರ ಮರೆತಿದ್ದು. 2014ರಲ್ಲಿ ಪ್ರಕಟವಾದ ಈ ಅಧ್ಯಯನದ ತಮಾಷೆ ಇರುವುದು ಫಲಿತಾಂಶದಲ್ಲಿ. ಪರೀಕ್ಷೆಯ ಕನಸು ಬಿದ್ದವರೇ ಮರುದಿನ ಸರಾಸರಿಯಲ್ಲಿ ಹೆಚ್ಚು ಅಂಕ ತೆಗೆದರು. ಕನಸು ತಾಲೀಮು ಮಾಡಿಸಿತು ಅನ್ನುವುದು ಸಂಶೋಧಕರ ಊಹೆ. ಓದಿದವನಿಗೇ ಚಿಂತೆ ಜಾಸ್ತಿ, ಚಿಂತೆ ಇದ್ದವನಿಗೇ ಆ ಕನಸು ಬೀಳುತ್ತದೆ ಅನ್ನುವುದು ನನ್ನ ಊಹೆ. ಪುಸ್ತಕ ಮುಟ್ಟದವನಿಗೆ ಪರೀಕ್ಷೆ ಯಾಕೆ ಕನಸಿಗೆ ಬರಬೇಕು? ಗೋರಖ್‌ಪುರದವನಿಗೆ ಇದನ್ನು ಹೇಳಿದಾಗ ಪರೀಕ್ಷೆಯ ಹಿಂದಿನ ರಾತ್ರಿ ತನಗೆ ಕ್ರಿಕೆಟ್ಟಿನ ಕನಸು ಬಿದ್ದಿತ್ತೆಂದು ಗಂಭೀರನಾದ.

ನಿಜ ಹೇಳಬೇಕೆಂದರೆ, ಕನಸಿನ ವಿಜ್ಞಾನ ಅನ್ನುವುದರಲ್ಲಿ ಬಹುಪಾಲು ಕಾಲೇಜು ವಿದ್ಯಾರ್ಥಿಗಳ ಕನಸಿನ ವಿಜ್ಞಾನ. ಪ್ರಾಧ್ಯಾಪಕರಿಗೆ ಕೈಗೆಟಕುವ ನಿದ್ದೆ ಅದೊಂದೇ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕ್ಯಾಲ್ವಿನ್ ಹಾಲ್ 100 ಹುಡುಗರು, 100 ಹುಡುಗಿಯರಿಂದ ತಲಾ ಐದರಂತೆ ಆಯ್ದ ಸಾವಿರ ಕನಸುಗಳನ್ನು ವ್ಯಾನ್ ಡಿ ಕಾಸಲ್ ಜೊತೆ ಸೇರಿ ಲೆಕ್ಕದ ಪುಸ್ತಕದ ಹಾಗೆ ವಿಂಗಡಿಸಿ 1966ರಲ್ಲಿ ಪ್ರಕಟಿಸಿದ. ಇವತ್ತಿಗೂ ಹೊಸ ಕನಸನ್ನು ಅಳೆಯುವವರು ಆ ಗಜಕಡ್ಡಿಯನ್ನೇ ಹುಡುಕುತ್ತಾರೆ. ಹುಡುಗರ ಕನಸಿನಲ್ಲಿ ಬರುವವರಲ್ಲಿ ಮೂರರಲ್ಲಿ ಎರಡು ಪಾಲು ಗಂಡಸರೇ. ಹುಡುಗಿಯರ ಕನಸಿನಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಸಮಸಮ. ಬಾಲಿವುಡ್ ಹಾಡುಗಳನ್ನು ನಂಬಿ ಬೆಳೆದವರಿಗೆ ಇದು ನಿರಾಸೆ ತರಬಹುದು. ಕೆನಡಾದ 1,181 ವಿದ್ಯಾರ್ಥಿಗಳನ್ನು ಕೇಳಿ ಟೋರ್ ನೀಲ್ಸನ್ ತಂಡ 2003ರಲ್ಲಿ ಕೊಟ್ಟ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಯಾರೋ ಅಟ್ಟಿಸಿಕೊಂಡು ಬರುವ ಕನಸು. ಎತ್ತರದಿಂದ ಬೀಳುವುದು, ಶಾಲೆ ಮತ್ತು ಮೇಷ್ಟ್ರುಗಳು ಹತ್ತಿರದಲ್ಲೇ ಇದ್ದವು.

ಇದಕ್ಕೆಲ್ಲ ಎಷ್ಟೋ ಶತಮಾನ ಮೊದಲೇ ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳ ವಿಂಗಡಣೆ ಇದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ಸೂಚಿಸುವುದು, ದೇಹದ ದೋಷದಿಂದ ಹುಟ್ಟಿದ್ದು. ಈ ಏಳರಲ್ಲಿ ಮೊದಲ ಐದಕ್ಕೆ ಫಲವಿಲ್ಲ, ವೈದ್ಯ ಅವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ ಅನ್ನುತ್ತದೆ ಗ್ರಂಥ. ನನಗೆ ಇಷ್ಟವಾದದ್ದು ಈ ನಿರ್ಲಕ್ಷ್ಯ. ಏಳರಲ್ಲಿ ಐದು ಬರೀ ನಿನ್ನೆ ಮೊನ್ನೆಯ ಸರಕು ಎಂದು ಆ ಕಾಲದ ವೈದ್ಯನೊಬ್ಬ ಕೈಕೊಡವಿದ್ದಾನೆ. ಇವತ್ತಿನವರು ಅದಕ್ಕೆ ‘ಹಗಲಿನ ಮುಂದುವರಿಕೆ’ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಸರಕು ಕನಸಿಗೆ ಬರುವುದಕ್ಕೂ ಒಂದು ಸಮಯವಿದೆ. ಹಗಲು ಕಂಡದ್ದು ಅದೇ ರಾತ್ರಿ, ಹೆಚ್ಚೆಂದರೆ ಮರುರಾತ್ರಿ ಬರುತ್ತದೆ. ಆಮೇಲೆ ಮರೆಯಾಗಿ, ಐದರಿಂದ ಏಳು ದಿನಕ್ಕೆ ಇನ್ನೊಮ್ಮೆ ತಲೆ ಎತ್ತುತ್ತದೆ. ನೀಲ್ಸನ್ ಮತ್ತಿತರರು ಇದನ್ನು ವಿದ್ಯಾರ್ಥಿಗಳ ಕನಸಿನ ದಿನಚರಿಗಳಲ್ಲೇ ಗುರುತಿಸಿದರು. ದಸರಾ ರಜೆಗೆ ಸಾಗರಕ್ಕೆ ಹೋಗಿ ಬಂದ ನಮ್ಮ ಹುಡುಗ ಬಂದ ವಾರ ಲವಲವಿಕೆಯಲ್ಲೇ ಇದ್ದ. ಮುಂದಿನ ಭಾನುವಾರ ಮುಖ ಸಪ್ಪಗೆ. ‘ರಾತ್ರಿಯೆಲ್ಲ ಮನೆ ಜಗಲಿ, ಗಣಪತಿ ಕೆರೆ, ಅದೇ ಕನಸು’ ಅಂದ. ಊರಿನ ನೆನಪಿಗೂ ಒಂದು ಕಂತು ಬಾಕಿ ಇರುತ್ತದೆ, ವಾರ ಬಿಟ್ಟು ವಸೂಲಿಗೆ ಬರುತ್ತದೆ.

ಸರಕು ಹಗಲಿನದ್ದಾದರೆ, ಅದರ ಮೇಲೆ ಕೈಯಾಡಿಸುವುದು ಮಲಗಿದ ಜಾಗ. ಘಾಜಿಯಾಬಾದಿನ ಮೇ ತಿಂಗಳು ಗೊತ್ತಿಲ್ಲದವರಿಗೆ ಈ ಭಾಗ ಅರ್ಥವಾಗುವುದು ಕಷ್ಟ. ಹಗಲೆಲ್ಲ ಲೂ ಎಂಬ ಬಿಸಿಗಾಳಿ ಬೀಸಿ, ರಾತ್ರಿಯೂ ಗೋಡೆ ಬಿಸಿ ಕಾರುತ್ತಿರುತ್ತದೆ. ಕನಸು ದಟ್ಟವಾಗಿ ಬೀಳುವ ಹೊತ್ತಿನಲ್ಲಿ ದೇಹ ತನ್ನ ಉಷ್ಣಾಂಶದ ಕಾವಲನ್ನು ಹೆಚ್ಚುಕಡಿಮೆ ಕೈಬಿಟ್ಟಿರುತ್ತದೆ. ಬೆವರುವುದೂ ನಡುಗುವುದೂ ಸರಿಯಾಗಿ ನಡೆಯದು. ಹಾಗಾಗಿ ಸೆಕೆ ಮೊದಲು ಕದಿಯುವ ನಿದ್ದೆಗಳಲ್ಲಿ ಅದೂ ಒಂದು. ಹಾಸ್ಟೆಲಿನ ಕಿಟಕಿಗೆ ಹಚ್ಚಿದ ಕೂಲರು ಇದಕ್ಕೆ ಇವರ ಉತ್ತರ: ಹುಲ್ಲಿನ ಪಟ್ಟಿ, ಒಳಗೊಂದು ಪಂಪು, ತಂಪು ಗಾಳಿಯ ಜೊತೆ ಮುಖಕ್ಕೆ ಎರಚುವ ನಾಲ್ಕು ಹನಿ. ಕೂಲರಿಗೆ ಹತ್ತಿರದ ಮಂಚ ಅಕ್ಕನ ಮಗನದ್ದು. ಅವನಿಗೆ ಬೇಸಿಗೆಯಿಡೀ ಜೋಗ ಜಲಪಾತದ ಕನಸು.

‘ಊರಿನ ಸೆಳೆತ ನೋಡಿ’ ಎಂದು ನನ್ನ ಹೆಂಡತಿ ಮರುಗಿದಳು. ನಾನು ಕೂಲರನ್ನು ಅನುಮಾನಿಸಿದೆ. ವಿಲಿಯಂ ಡಿಮೆಂಟ್ ಮತ್ತು ಎಡ್ವರ್ಡ್ ವೊಲ್ಪರ್ಟ್ 1958ರಲ್ಲಿ ಮಲಗಿದವರ ಮೇಲೆ ತಣ್ಣೀರು ಸಿಂಪಡಿಸಿ, ಬೆಳಕು ಹಾಯಿಸಿ, ಸದ್ದು ಕೇಳಿಸಿ ಆಮೇಲೆ ಎಬ್ಬಿಸಿದ್ದರು. ಸದ್ದು ಕನಸಿನೊಳಕ್ಕೆ ನುಸುಳಿದ್ದು ನೂರಕ್ಕೆ 9 ಸಲ, ಬೆಳಕು 23 ಸಲ, ನೀರು 42 ಸಲ. ಮಳೆ, ಸೋರುವ ಸೂರು, ಹೀಗೆ ವೇಷ ಹಾಕಿಕೊಂಡು ನೀರು ಒಳಗೆ ಬಂದಿತ್ತು. ಮಂಚ ಬದಲಿಸಿದರೆ ಜೋಗ ಅಲ್ಮೋಡಾದವನ ಕನಸಿಗೆ ಬರುವುದೇ ಎಂದು ಪರೀಕ್ಷಿಸುವ ಆಸೆಯಿತ್ತು. ಕೂಲರ್ ಪಕ್ಕದ ಮಂಚ ಬಿಟ್ಟುಕೊಡಲು ನಮ್ಮವ ಒಪ್ಪಲಿಲ್ಲ.

ಸದ್ದಿನ ಪಾಲು ಕಡಿಮೆ ಅಂದಮಾತ್ರಕ್ಕೆ ಅದು ನಿರುಪದ್ರವಿ ಅಲ್ಲ. ಶ್ರಾವಣದಲ್ಲಿ ಶಿವಭಕ್ತರ ಕಾಂವಡ್ ಯಾತ್ರೆಯ ಡಿಜೆ ಲಾರಿಗಳು ಮೇರಠ್ ರಸ್ತೆಯಲ್ಲಿ ಸಾಗುವಾಗ ಕಿಟಕಿಯ ಗಾಜು ಅದುರುತ್ತದೆ. ಅಷ್ಟು ಸದ್ದು ಕನಸಿನೊಳಗೆ ಬರುವುದಿಲ್ಲ, ಕನಸನ್ನೇ ಒಡೆಯುತ್ತದೆ. ವಾಸನೆಯ ಕತೆ ಇನ್ನೂ ಸೂಕ್ಷ್ಮ. ಜರ್ಮನಿಯ ಮೈಕೇಲ್ ಶ್ರೆಡ್ಲ್ ತಂಡ ಮಲಗಿದ 15 ಯುವತಿಯರ ಮೂಗಿಗೆ ಒಮ್ಮೆ ಗುಲಾಬಿಯ, ಇನ್ನೊಮ್ಮೆ ಕೊಳೆತ ಮೊಟ್ಟೆಯ ವಾಸನೆ ಹಿಡಿಯಿತು. ಕನಸಿನಲ್ಲಿ ಗುಲಾಬಿಯೂ ಬರಲಿಲ್ಲ, ಮೊಟ್ಟೆಯೂ ಬರಲಿಲ್ಲ. ಕನಸಿನ ಮನಸ್ಥಿತಿ ಮಾತ್ರ ವಾಸನೆಯ ಕಡೆಗೆ ವಾಲಿತು. ಕೊಳೆತ ಮೊಟ್ಟೆಯ ಅನಿಲವೇ ತೆರೆದ ಚರಂಡಿಗಳಿಂದಲೂ ಏಳುವುದು. ಹಿಂಡನ್ ನದಿಯ ದಂಡೆಯಲ್ಲಿ ಕಿಟಕಿ ತೆರೆದು ಮಲಗುವವರ ಬಗ್ಗೆ ನನಗೆ ಮರುಕವಿದೆ. ಚಳಿಗಾಲದಲ್ಲಿ ಹೊಗೆಮಂಜು ಬೇರೆ. ಐಕ್ಯೂಏರ್ ಸಂಸ್ಥೆಯ 2019ರ ವರದಿಯಲ್ಲಿ ಜಗತ್ತಿನಲ್ಲೇ ಅತಿ ಮಲಿನ ಗಾಳಿಯ ನಗರ ಎಂಬ ಕಿರೀಟ ಘಾಜಿಯಾಬಾದಿಗೆ ಬಂದಿತ್ತು: ಪಿಎಂ 2.5 ಕಣಗಳ ವರ್ಷದ ಸರಾಸರಿ ಘನಮೀಟರಿಗೆ 110.2 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿಯೇ 40. ನವೆಂಬರಿನಲ್ಲಿ ಮೂಗು ಕಟ್ಟಿಕೊಂಡು, ಬಾಯಿ ತೆರೆದು, ಗಂಟೆಗೊಮ್ಮೆ ಮಗ್ಗುಲು ಬದಲಿಸುವವನ ಕನಸೂ ಚಿಂದಿಚಿಂದಿ.

ಊಟದ ಮೇಲೆ ತಪ್ಪು ಹೊರಿಸುವುದು ಹಳೆಯ ಚಾಳಿ. ರಾತ್ರಿ ಒಂದು ಗಂಟೆಯ ಆಲೂ ಪರಾಠ, ಮ್ಯಾಗಿ ತಿಂದರೆ ಕೆಟ್ಟ ಕನಸು ಬೀಳುತ್ತದೆ ಎಂದು ಹುಡುಗರ ಅಮ್ಮಂದಿರೆಲ್ಲ ಫೋನಿನಲ್ಲಿ ಹೇಳುತ್ತಾರೆ. 2015ರಲ್ಲಿ ನೀಲ್ಸನ್ ಮತ್ತು ರಸೆಲ್ ಪೊವೆಲ್ 396 ವಿದ್ಯಾರ್ಥಿಗಳನ್ನು ಕೇಳಿದಾಗ ಶೇ. 18ರಷ್ಟು ಮಂದಿ ಊಟ ತಮ್ಮ ಕನಸನ್ನು ಕದಡುತ್ತದೆ ಅಂದರು. ಹೆಚ್ಚು ಬೈಗುಳ ತಿಂದದ್ದು ಹಾಲಿನ ಪದಾರ್ಥ. ಹೊಟ್ಟೆ ಉಬ್ಬರಿಸಿದರೆ ಎಚ್ಚರವಾಗುತ್ತದೆ, ಎಚ್ಚರವಾದರೆ ಕನಸು ನೆನಪಿರುತ್ತದೆ. ಪರಾಠದ ಕೈವಾಡ ಬಹುಶಃ ಅಷ್ಟೇ.

ಈಗ ಭಾನುವಾರಕ್ಕೆ ಬರುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಒಬ್ಬಳು ಹುಡುಗಿ ಇದ್ದಾಳೆ. ವೈಶಾಲಿಯಲ್ಲಿ ಮೆಟ್ರೋ ಹತ್ತಿ, ದಾರಿಯಲ್ಲಿ ಬದಲಿಸಿ, ದೆಹಲಿ ವಿಶ್ವವಿದ್ಯಾಲಯದ ನಾರ್ತ್ ಕ್ಯಾಂಪಸ್ಸಿಗೆ ಹೋಗುತ್ತಾಳೆ. ಮಲಗುವುದು ಒಂದೂವರೆಗೆ, ಅಲಾರಾಂ ಐದೂಮುಕ್ಕಾಲಿಗೆ. ‘ನನಗೆ ಕನಸೇ ಬೀಳಲ್ಲ ಅಂಕಲ್’ ಅನ್ನುತ್ತಾಳೆ, ಏನೋ ಕಳೆದುಕೊಂಡವಳ ಹಾಗಲ್ಲ, ಖರ್ಚು ಉಳಿಯಿತು ಅನ್ನುವ ಧಾಟಿಯಲ್ಲಿ. ಸಾಮಾನ್ಯವಾಗಿ ಕನಸು ನೆನಪಿಡುವುದರಲ್ಲಿ ಹೆಂಗಸರದ್ದೇ ಒಂದು ಕೈ ಮೇಲು. ಹಾಗಾದರೆ ಇವಳದ್ದು ಎಲ್ಲಿ ಹೋಯಿತು?

1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ, ಅವನೂ ಆಗ ವಿದ್ಯಾರ್ಥಿಯೇ, ತನ್ನ ಗುರು ನಥಾನಿಯಲ್ ಕ್ಲೈಟ್‌ಮನ್ ಜೊತೆ ಒಂದು ಸಂಗತಿ ಪ್ರಕಟಿಸಿದ. ನಿದ್ದೆಯ ನಡುನಡುವೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಸರಸರ ಓಡುತ್ತದೆ. ಆಗ ಎಬ್ಬಿಸಿದರೆ ಬಹಳಷ್ಟು ಸಲ ಕನಸೊಂದು ಕೈಗೆ ಸಿಗುತ್ತದೆ. ಅದಕ್ಕೆ ರೆಮ್ ನಿದ್ದೆ ಎಂದು ಹೆಸರಾಯಿತು. ಸುಮಾರು ತೊಂಬತ್ತು ನಿಮಿಷಕ್ಕೊಂದು ಸುತ್ತು. ಮೊದಲ ಸುತ್ತಿನಲ್ಲಿ ಈ ಕನಸಿನ ಪಾಲು ಕೆಲವೇ ನಿಮಿಷ. ಸುತ್ತು ಮುಂದೆ ಹೋದಂತೆ ಅದು ಬೆಳೆಯುತ್ತ, ಬೆಳಗಿನ ಜಾವಕ್ಕೆ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಮೇಲೆ. ಎಂಟು ಗಂಟೆ ಮಲಗುವವನು ಕೊನೆಯ ಎರಡು ಗಂಟೆ ಕಡಿದುಕೊಂಡರೆ ನಿದ್ದೆಯಲ್ಲಿ ಹೋಗುವುದು ಕಾಲು ಪಾಲು. ಕನಸಿನಲ್ಲಿ ಹೋಗುವುದು ಅದಕ್ಕಿಂತ ಎಷ್ಟೋ ಹೆಚ್ಚು.

ನನ್ನ ಅಮ್ಮ ಬೇರೆ ದಾರಿಯಲ್ಲಿ ಇದೇ ಜಾಗಕ್ಕೆ ಬಂದಿದ್ದಾಳೆ. ಯಾರು ಕನಸು ಹೇಳಿದರೂ ಅವಳ ಮೊದಲ ಪ್ರಶ್ನೆ: ‘ಎಷ್ಟು ಹೊತ್ತಿಗೆ ಬಿತ್ತು?’ ನಡುರಾತ್ರಿಯದ್ದಾದರೆ ಕೈಬಿಡುತ್ತಾಳೆ. ಬೆಳಗಿನ ಜಾವದ್ದಾದರೆ ಆಗಿಯೇ ತೀರುತ್ತದೆ ಎಂದು ನಂಬಿದವಳು. ಆಗುತ್ತದೋ ಇಲ್ಲವೋ, ನೆನಪಿನಲ್ಲಿ ಉಳಿಯುವಂಥ ಕನಸು ಬೀಳುವುದಂತೂ ಆ ಹೊತ್ತಿಗೇ.

ಸಮಸ್ಯೆಯೆಂದರೆ ಈ ವಯಸ್ಸಿನವರ ಒಳಗಡಿಯಾರವೇ ಹಿಂದೆ ಓಡುತ್ತಿರುತ್ತದೆ. ಜರ್ಮನಿಯ ಟಿಲ್ ರೋನೆಬರ್ಗ್ 2004ರಲ್ಲಿ ತೋರಿಸಿದಂತೆ, ತಡವಾಗಿ ಮಲಗುವ ಪ್ರವೃತ್ತಿ ಹರೆಯದುದ್ದಕ್ಕೂ ಏರುತ್ತ ಹೋಗಿ ಸುಮಾರು ಇಪ್ಪತ್ತರ ವಯಸ್ಸಿಗೆ ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಸೋಮಾರಿತನ ಎಂದು ನಾವು ಬೈಯುವುದರಲ್ಲಿ ಒಂದಷ್ಟು ಪಾಲು ಶರೀರದ್ದು, ಉಳಿದದ್ದು ಫೋನಿನದ್ದು. ಎಂಟೂವರೆಯ ತರಗತಿಗೆ ಶೇ. 75 ಹಾಜರಾತಿ ಬೇಕು. ರಾತ್ರಿ ಮುಂದಕ್ಕೆ ಸರಿದಿದೆ, ಬೆಳಗು ಸರಿದಿಲ್ಲ. ನಡುವೆ ಕತ್ತರಿಗೆ ಸಿಕ್ಕಿದ್ದು ಕನಸು ಬೀಳುವ ಹೊತ್ತು. ವಾರವಿಡೀ ಹೀಗೆ ತಡೆಹಿಡಿದ ರೆಮ್ ನಿದ್ದೆ ಅಲಾರಾಂ ಇಲ್ಲದ ದಿನ ಬಡ್ಡಿ ಸಮೇತ ನುಗ್ಗುತ್ತದೆ. ನನ್ನ ಊಟದ ಮೇಜಿಗೆ ಬರುತ್ತಿದ್ದ ತಾಳಗುಪ್ಪದ ರೈಲು, ಜೋಗ, ಗಣಪತಿ ಕೆರೆ ಎಲ್ಲವೂ ಆ ಬಾಕಿಯೇ. ರಾತ್ರಿ ಗುಂಡು ಹಾಕಿದವರಿಗೂ ಇದೇ ಆಗುತ್ತದೆ: ಮೊದಲರ್ಧ ಕನಸು ಅದುಮಿಟ್ಟು, ಎರಡನೆಯ ಅರ್ಧದಲ್ಲಿ ಗೊಂದಲದ ಸಂತೆ.

ಅಡ್ಡಾದಿಡ್ಡಿ ನಿದ್ದೆಗೆ ಇನ್ನೊಂದು ಬೆಲೆಯಿದೆ. ಅಲ್ಮೋಡಾದವನು ಒಂದು ದಿನ ಊಟ ಬಿಟ್ಟು ಕೂತಿದ್ದ. ಬೆಳಗಿನ ಜಾವ ಎಚ್ಚರವಾಗಿದೆ, ಕಣ್ಣು ತೆರೆದಿದೆ, ಕೈಕಾಲು ಅಲ್ಲಾಡುತ್ತಿಲ್ಲ, ಎದೆಯ ಮೇಲೆ ಯಾರೋ ಕೂತಿದ್ದಾರೆ. ಆ ಹಾಸ್ಟೆಲಿಗೆ ಆಗಲೇ ಒಂದು ಚುಡೈಲ್, ಅಂದರೆ ಹೆಣ್ಣುದೆವ್ವದ, ಕತೆ ಇತ್ತು. ಎಲ್ಲ ಹಾಸ್ಟೆಲಿಗೂ ಇರುತ್ತದೆ. ಕನಸು ಬೀಳುವಾಗ ನಾವು ಎದ್ದು ಓಡದಿರಲೆಂದು ಮಿದುಳು ಸ್ನಾಯುಗಳನ್ನು ಸಡಿಲಿಸಿ ಬೀಗ ಹಾಕಿರುತ್ತದೆ. ಒಮ್ಮೊಮ್ಮೆ ಎಚ್ಚರ ಮೊದಲು ಬಂದು ಬೀಗ ಆಮೇಲೆ ಬಿಚ್ಚುತ್ತದೆ. ಆ ಕೆಲವು ಕ್ಷಣದಲ್ಲಿ ಉಳಿದರ್ಧ ಕನಸು ಕೋಣೆಯೊಳಗೇ ಓಡಾಡುತ್ತದೆ. ಜೀವನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸಿದವರು ಸಾಮಾನ್ಯ ಜನರಲ್ಲಿ ಶೇ. 7.6, ವಿದ್ಯಾರ್ಥಿಗಳಲ್ಲಿ ಶೇ. 28.3 ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ಲೆಕ್ಕ. ನಿದ್ದೆಗೇಡು, ಆತಂಕ, ಅಂಗಾತ ಮಲಗುವುದು ಇದಕ್ಕೆ ಇಂಬು ಕೊಡುತ್ತವೆ. ಇಷ್ಟೆಲ್ಲ ವಿವರಿಸಿದೆ. ಹುಡುಗ ಕೇಳಿಸಿಕೊಂಡ. ಮುಂದಿನ ವಾರ ದಿಂಬಿನ ಕೆಳಗೆ ಹನುಮಾನ್ ಚಾಲೀಸಾ ಇತ್ತಂತೆ, ಮಗ್ಗುಲಾಗಿ ಮಲಗುವ ಅಭ್ಯಾಸವೂ ಶುರುವಾಗಿತ್ತಂತೆ. ಯಾವುದರಿಂದ ವಾಸಿಯಾಯಿತು ಎಂದು ನಾನು ಕೇಳಲು ಹೋಗಲಿಲ್ಲ.

ಫೋನಿನ ಬಗ್ಗೆ ಹೇಳದೆ ಬಿಟ್ಟರೆ ಹೆತ್ತವರು ಕ್ಷಮಿಸುವುದಿಲ್ಲ. ಹಾರ್ವರ್ಡಿನ ರಾಬರ್ಟ್ ಸ್ಟಿಕ್‌ಗೋಲ್ಡ್ 2000ದಲ್ಲಿ ಜನರಿಗೆ ಟೆಟ್ರಿಸ್ ಆಟ ಆಡಿಸಿ, ನಿದ್ದೆಗೆ ಜಾರುವಾಗ ಏನು ಕಂಡಿತೆಂದು ಕೇಳಿದ. ಬೀಳುವ ಇಟ್ಟಿಗೆಗಳು ಅಂದರು ಬಹಳ ಮಂದಿ. ಅವರಲ್ಲಿ ಮರೆವಿನ ರೋಗದ ಐವರಿದ್ದರು. ತಾವು ಆಟ ಆಡಿದ್ದೇ ನೆನಪಿಲ್ಲದಿದ್ದರೂ ಐವರಲ್ಲಿ ಮೂವರಿಗೆ ಇಟ್ಟಿಗೆ ಬಿದ್ದವು. ಮರೆತ ರೀಲುಗಳೂ ಹೀಗೇ ಒಳಗೆಲ್ಲೋ ಜಮೆಯಾಗುತ್ತಿರಬೇಕು.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಭಾಷೆ. ಕೆನಡಾದ ಒಟ್ಟಾವದಲ್ಲಿ ಜೋಸೆಫ್ ಡಿ ಕೋನಿಂಕ್, ಫ್ರೆಂಚ್ ಮಾತ್ರ ಕಿವಿಗೆ ಬೀಳುವ ಆರು ವಾರದ ಶಿಬಿರಕ್ಕೆ ಸೇರಿದ ಬೆರಳೆಣಿಕೆಯ ಇಂಗ್ಲಿಷ್ ವಿದ್ಯಾರ್ಥಿಗಳ ನಿದ್ದೆಯನ್ನು ದಾಖಲಿಸಿದ್ದ. 1990ರಲ್ಲಿ ಪ್ರಕಟವಾದ ಫಲಿತಾಂಶ ಸರಳ: ಯಾರ ಕನಸಿಗೆ ಫ್ರೆಂಚ್ ಬೇಗ ಬಂತೋ ಅವರು ಬೇಗ ಕಲಿತರು, ಅವರ ರೆಮ್ ನಿದ್ದೆಯೂ ಹಿಗ್ಗಿತ್ತು. ನಮ್ಮ ಹುಡುಗ ಬಂದ ಹೊಸದರಲ್ಲಿ ಆಟೋದವನ ಮುಂದೆ ಬೆರಳೆಣಿಸಿ ದುಡ್ಡು ಹೇಳುತ್ತಿದ್ದ. ಹಿಂದಿ ಅವನಿಗೆ ದೂರದರ್ಶನದ ಭಾಷೆ. ಮೆಸ್ಸಿನ ಭಯ್ಯಾ, ವಾರ್ಡನ್, ಗೋರಖ್‌ಪುರದವನ ರಾತ್ರಿಯಿಡೀ ಮಾತು, ಎಲ್ಲ ಸೇರಿ ಎರಡನೆಯ ವರ್ಷಕ್ಕೆ ಜಗಳವಾಡುವಷ್ಟು ಬಂತು.

ಮೊನ್ನೆ ಭಾನುವಾರ ಊಟಕ್ಕೆ ಕೂತವನು ಹುಳಿ ಕಲಸುತ್ತ ಸುಮ್ಮನಿದ್ದ. ಏನೋ ಅಂದರೆ, ‘ಅಜ್ಜಿ ಕನಸಿಗೆ ಬಂದಿದ್ರು ಮಾಮ.’ ಸಾಗರದ ಅಡುಗೆಮನೆಯಂತೆ. ಅದೇ ಮಣೆ, ಅದೇ ಒಲೆ. ಅಜ್ಜಿ ಅದೇ ಹಸಿರು ಸೀರೆಯಲ್ಲಿ ಬಗ್ಗಿ ನಿಂತು, ‘ಅರೇ ಬೇಟಾ, ಏಕ್ ರೋಟಿ ಔರ್ ಲೇ ಲೋ’ ಎಂದರಂತೆ. ಇವನಿಗೆ ಕನಸಿನೊಳಗೇ ನಾಚಿಕೆ. ಕನ್ನಡದಲ್ಲಿ ಉತ್ತರ ಕೊಡಲು ಹೋದರೆ ಬಾಯಿಗೆ ಬರುತ್ತಿಲ್ಲ. ಹೇಳುವಾಗ ದನಿ ಸ್ವಲ್ಪ ನಡುಗಿತು. ನನ್ನ ಹೆಂಡತಿ ಅವನ ತಟ್ಟೆಗೆ ಇನ್ನೊಂದು ಸೌಟು ಹುಳಿ ಹಾಕಿದಳು.

ಊಟವಾದ ಮೇಲೆ ಊರಿಗೆ ಫೋನು ಹಚ್ಚಿ ಅವನ ಕೈಗೇ ಕೊಟ್ಟೆ, ಸ್ಪೀಕರಿನಲ್ಲಿ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ನಗಲಿಲ್ಲ.

‘ಎಷ್ಟು ಹೊತ್ತಿಗೆ ಬಿತ್ತೋ?’

‘ಏಳು ಗಂಟೆ ಹತ್ರ ಅಜ್ಜಿ. ಭಾನುವಾರ ಅಲ್ವಾ, ಮಲಗಿದ್ದೆ.’

‘ಆಮೇಲೆ ಮತ್ತೆ ನಿದ್ದೆ ಮಾಡಿದ್ಯಾ?’

‘ಇಲ್ಲ, ಎದ್ದುಬಿಟ್ಟೆ.’

ಆ ಕಡೆಯಿಂದ ಸ್ವಲ್ಪ ಹೊತ್ತು ಒಗ್ಗರಣೆಯ ಸದ್ದಷ್ಟೇ.

‘ಬೆಳಗಿನ ಜಾವದ್ದು ಅಂದ್ಮೇಲೆ ಆಗದೇ ಇರಲ್ಲ ಕಣೋ’ ಎಂದಳು ಅಮ್ಮ. ‘ಹಂಗಾದ್ರೆ ಈ ವಯಸ್ಸಲ್ಲಿ ನಾನು ಹಿಂದಿ ಕಲೀಬೇಕಾಯ್ತಲ್ಲ. ರೋಟಿ ಅಂದ್ರೆ ಚಪಾತಿನೇ ಅಲ್ವಾ?’